ಹೊಳೆದಂಡೆಯ ಶೆಡ್‌ನಲ್ಲಿ ಫೈಬರ್ ದೋಣಿಯ ಅಡಿ ರಿಪೇರಿ

ಉಡುಪಿ ಕಡೆಯ ಹೊಳೆದಂಡೆಯಲ್ಲಿರುವ ಈ ಶೆಡ್‌ಗೆ ಬೋರ್ಡೂ ಇಲ್ಲ, ಕಚೇರಿಯೂ ಇಲ್ಲ; ಆದರೂ ಸಣ್ಣ ಫೈಬರ್ ದೋಣಿಯ ಅಡಿ ಸರಿಮಾಡಿಸಬೇಕಾದವರಿಗೆ ನಾನು ಧೈರ್ಯವಾಗಿ ಹೇಳಬಹುದಾದ ಜಾಗ ಇದು. ದಿನವೂ ಮರಳಿನ ಮೇಲೆ ಎಳೆದೂ ಎಳೆದೂ ನಮ್ಮ ದೋಣಿಯ ಅಡಿಯಲ್ಲಿ ಜೆಲ್ ಕೋಟ್ (ಹೊರಮೈಯ ನುಣುಪು ಪದರ) ಸವೆದುಹೋಗಿ ಮ್ಯಾಟಿನ, ಅಂದರೆ ಒಳಗಿನ ಗಾಜಿನ ನಾರಿನ ಹಾಸಿನ, ಎಳೆಗಳು ಹೊರಗೆ ಕಾಣುತ್ತಿದ್ದವು. ಮುಂಭಾಗದಲ್ಲಿ ಬಂಡೆ ತಾಗಿ ಅಂಗೈಯಗಲದ ಬಿರುಕೂ ಬಿದ್ದಿತ್ತು.

ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದುಕೊಡುವ ಅಗ್ಗದ ಕೆಲಸವನ್ನು ಇಲ್ಲಿನ ಮೇಸ್ತ್ರಿ ಒಪ್ಪುವುದೇ ಇಲ್ಲ. ದೋಣಿಯನ್ನು ಮಗುಚಿ, ಸುತ್ತಿಗೆಯ ಹಿಡಿಯಿಂದ ಅಡಿಯುದ್ದಕ್ಕೂ ತಟ್ಟುತ್ತಾ, ಟೊಳ್ಳು ಸದ್ದು ಬಂದಲ್ಲೆಲ್ಲ ಅವರು ಸೀಮೆಸುಣ್ಣದಿಂದ ಗೆರೆ ಎಳೆದರು. ಗೆರೆಯೊಳಗಿನ ಜಾಗ ನಮಗೆ ಕಂಡ ಬಿರುಕಿಗಿಂತ ಎಷ್ಟೋ ದೊಡ್ಡದಿತ್ತು. ಅಲ್ಲಲ್ಲಿ ಎದ್ದಿದ್ದ ಗುಳ್ಳೆಗಳನ್ನು ಒಡೆದಾಗ ವಿನೆಗರ್‌ನಂಥ ಹುಳಿ ವಾಸನೆಯ ನೀರು ಬಂತು. ಪದರದೊಳಗೆ ಹೊಕ್ಕ ನೀರು ನಾರನ್ನು ಹಿಡಿದಿಡುವ ಅಂಟಾದ ರೆಸಿನ್ನನ್ನೇ ಕೆಡಿಸತೊಡಗಿದೆ ಎಂಬುದಕ್ಕೆ ಅದೇ ಗುರುತು. ಹಾಗಾಗಿ ಉಪ್ಪು ಹೋಗುವವರೆಗೆ ಸಿಹಿನೀರಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿಟ್ಟು, ಅದರ ಒಳಮೈಯಲ್ಲಿ ಬೆವರು ಕೂರುವುದು ನಿಂತ ಮೇಲೆಯೇ ಅವರು ಮುಂದಿನ ಕೆಲಸಕ್ಕೆ ಕೈಹಾಕಿದ್ದು. ಅವಸರದ ಗಿರಾಕಿಗಳಿಗೆ ಈ ಶೆಡ್ ಹಿಡಿಸದಿರುವುದಕ್ಕೆ ಇದೇ ಕಾರಣವಿರಬೇಕು.

ಬಿರುಕಿನ ಸುತ್ತ ಗ್ರೈಂಡರ್ ಹಿಡಿದು, 1 ಮಿ.ಮೀ. ದಪ್ಪಕ್ಕೆ 12 ಮಿ.ಮೀ. ಅಗಲದಂತೆ ಇಳಿಜಾರಾಗಿ ಕೆತ್ತಿದರು. ಅಂದರೆ 5 ಮಿ.ಮೀ. ದಪ್ಪದ ಮೈಗೆ ಎಲ್ಲ ಬದಿಗೂ 60 ಮಿ.ಮೀ. ಹೊಸ ಪದರಕ್ಕೆ ಹಿಡಿತ ಸಿಗುವುದು ಈ ಇಳಿಜಾರಿನಿಂದಲೇ. ಅಸಿಟೋನ್‌ನಿಂದ ಒರೆಸಿದ ಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟನ್ನು ಪದರ ಪದರವಾಗಿ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ರೋಲರ್ ಆಡಿಸಿದರು. ರೆಸಿನ್ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲೇ ಅದಕ್ಕೆ ಕಲಸಿಟ್ಟು, ಗಟ್ಟಿಯಾಗಿಸುವ ಹಾರ್ಡನರನ್ನು ನೂರಕ್ಕೆ ಒಂದೆರಡು ಪಾಲಿನಷ್ಟು ಕೊನೆಗಳಿಗೆಯಲ್ಲಿ ಮಾತ್ರ ಸೇರಿಸುತ್ತಾರೆ. ಕೋಬಾಲ್ಟೂ ಹಾರ್ಡನರೂ ನೇರವಾಗಿ ಬೆರೆತರೆ ಸಿಡಿಯುವ ಅಪಾಯವಿರುವುದರಿಂದ ಎರಡು ಬಾಟಲಿಗಳನ್ನೂ ಶೆಡ್‌ನ ಬೇರೆ ಬೇರೆ ಮೂಲೆಯಲ್ಲಿಟ್ಟಿದ್ದರು. ಇಷ್ಟು ಎಚ್ಚರವಿರುವವರು ಫೈಬರ್ ಧೂಳಿಗೆ ಮಾತ್ರ ಮೂಗಿಗೊಂದು ಟವೆಲ್ ಕಟ್ಟಿಕೊಂಡು ಕೂರುವುದು ನನಗೆ ಸರಿಬರಲಿಲ್ಲ.

ಹೊಳಪಿನ ಕೆಲಸ ಸಾಧಾರಣ. ಗಾಳಿ ತಾಗಿದರೆ ಜೆಲ್ ಕೋಟಿನ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆಂದು ಕೊನೆಯ ಕೋಟಿಗೆ ವ್ಯಾಕ್ಸ್ ಸೇರಿಸಿದ್ದು ಒಳ್ಳೆಯದೇ; ಆದರೆ ನೀರು ಹಾಕಿ ಉಜ್ಜುವುದನ್ನು 600 ನಂಬರಿನ ಪೇಪರಿಗೇ ನಿಲ್ಲಿಸಿದ್ದರಿಂದ ಮೈ ಮಂಕಾಗಿದೆ, ಬಿಸಿಲಿಗೆ ಹಳದಿಯಾದ ಹಳೆಯ ಬಿಳಿಯ ಪಕ್ಕದಲ್ಲಿ ತೇಪೆ ಎದ್ದು ಕಾಣುತ್ತದೆ. ಮೀನಿನ ದೋಣಿಗೆ ಇದೇನೂ ಕೊರತೆಯಲ್ಲ; ಪ್ರವಾಸಿಗರನ್ನು ಕೂರಿಸುವ ದೋಣಿಯಾದರೆ 1000 ನಂಬರಿನ ಪೇಪರಿನವರೆಗೆ ಉಜ್ಜಿ ಹೊಳಪಿನ ಕಾಂಪೌಂಡ್ ಹಾಕಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ರೆಸಿನ್ ಮತ್ತು ಮ್ಯಾಟಿನ ತೂಕ ಹಿಡಿದು ಲೆಕ್ಕ ಬರೆದುಕೊಡುತ್ತಾರೆ, ಮಜೂರಿ ಬೇರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವಾಗ ಶೆಡ್ ತುಂಬಿರುತ್ತದೆ, ಮಳೆಯ ತೇವಕ್ಕೆ ದೋಣಿಯೂ ಒಣಗುವುದಿಲ್ಲ. ಆದ್ದರಿಂದ ಮಾರ್ಚ್ ಹೊತ್ತಿಗೇ ದೋಣಿ ಒಪ್ಪಿಸುವುದು ವಾಸಿ.