ನೆಟ್‌ವರ್ಕ್ ಸ್ವಿಚ್ ಕೆಟ್ಟಿದೆ ಎಂದು ಹೊಸದನ್ನು ಮಾರುವವರಿಗೆ ಹಣ ಕೊಡುವ ಮೊದಲು ಇದನ್ನು ಓದಿರಿ

ಕಲಬುರಗಿಯಲ್ಲಿ ಕಂಪ್ಯೂಟರ್ ಕ್ಲಾಸ್, ಲ್ಯಾಬ್, ಅಂಗಡಿ, ಏನೇ ನಡೆಸುವವರಿರಲಿ, ದಯವಿಟ್ಟು ಇದನ್ನು ಪೂರ್ತಿ ಓದಿರಿ. ಸೇಡಂ ರಸ್ತೆಯ ಹತ್ತಿರ 22 ಕಂಪ್ಯೂಟರ್‌ಗಳ ತರಬೇತಿ ಕೇಂದ್ರ ನನ್ನದು. ಕಳೆದ ಮೇ ತಿಂಗಳಲ್ಲಿ ನನಗೆ ಬೇಕೇ ಇಲ್ಲದ ಹೊಸ ಸ್ವಿಚ್‌ಗೆ (ಕಂಪ್ಯೂಟರ್‌ಗಳನ್ನೆಲ್ಲ ಕೇಬಲ್‌ನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ) 19,500 ರೂಪಾಯಿ ಕೊಟ್ಟೆ, 11 ದಿನ ಮಧ್ಯಾಹ್ನದ ಬ್ಯಾಚ್ ಕಳೆದುಕೊಂಡೆ, ಫೀಸು ಕಟ್ಟಿದ ಮಕ್ಕಳ ತಂದೆ-ತಾಯಿಗಳ ಮುಂದೆ ತಲೆ ತಗ್ಗಿಸಿ ನಿಂತೆ.

ಬೆಳಿಗ್ಗೆ ಎಲ್ಲವೂ ಸರಿ ಇರುತ್ತಿತ್ತು. ಮಧ್ಯಾಹ್ನ ಎರಡರ ಬ್ಯಾಚ್ ಶುರುವಾದ ಕೂಡಲೇ ನೆಟ್‌ವರ್ಕ್ ಕುಸಿಯುತ್ತಿತ್ತು. ಯಾರೂ ಕೆಲಸ ಮಾಡದಿದ್ದರೂ ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದಂತೆ ಮಿನುಗುತ್ತಿದ್ದವು. ಆಗ ಆನ್ ಮಾಡಿದ ಕಂಪ್ಯೂಟರ್‌ಗಳಿಗೆ ಸರಿಯಾದ ಐಪಿ ವಿಳಾಸ ಸಿಗದೆ, ಕಂಪ್ಯೂಟರ್ ತಾನೇ ಹಾಕಿಕೊಳ್ಳುವ 169.254 ಎಂದು ಶುರುವಾಗುವ ವಿಳಾಸ ಬರುತ್ತಿತ್ತು. ನಮ್ಮ ಕೇಂದ್ರಕ್ಕೆ ಕೇಬಲ್, ಕ್ಯಾಮೆರಾ ಎಲ್ಲ ಹಾಕಿಕೊಟ್ಟವರನ್ನೇ ಕರೆಸಿದೆ. ಅವರು ಬಂದದ್ದು ಮರುದಿನ ಬೆಳಿಗ್ಗೆ. ಆಗ ಎಲ್ಲವೂ ಸರಿಯಾಗಿತ್ತು. "ಸರ್, ನಿಮ್ಮ ಸ್ವಿಚ್ ಬಿಸಿಲಿಗಿ ಹೋಗ್ಯಾದ, ಕಲಬುರಗಿ ಬಿಸಿಲಿನಾಗ ಹಳೇ ಸ್ವಿಚ್ ತಡಕೊಳ್ಳಂಗಿಲ್ಲ," ಎಂದರು. ಹೊರಗೆ ಉರಿ ಬಿಸಿಲು, ತೊಂದರೆ ಆಗುತ್ತಿದ್ದದ್ದೂ ಮಧ್ಯಾಹ್ನವೇ. ನಾನು ನಂಬಿದೆ.

ಹೊಸ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಬಂತು. ಹಳೆಯದನ್ನು 800 ರೂಪಾಯಿಗೆ ಅವರೇ ಒಯ್ದರು. ಕಂಪ್ಯೂಟರ್ ಆನ್ ಮಾಡಿದ ಮೇಲೆ ನೆಟ್‌ವರ್ಕ್ ಸಿಗಲು ಅರ್ಧ ನಿಮಿಷ ಬೇಕಾಗುತ್ತಿದೆ ಎಂದಾಗ, ಅವರ ಹುಡುಗ ಅದರಲ್ಲಿದ್ದ ಸ್ಪ್ಯಾನಿಂಗ್ ಟ್ರೀ ಎಂಬ ರಕ್ಷಣೆಯನ್ನೇ ಆಫ್ ಮಾಡಿ, "ಇದು ನಿಮಗ ಬೇಕಾಗಂಗಿಲ್ಲ ಸರ್," ಎಂದ. ಅದೇ ದಿನ ಮಧ್ಯಾಹ್ನ ಎರಡಕ್ಕೆ ಮತ್ತೆ ಅದೇ ಗೋಳು. ಮತ್ತೆ ಫೋನ್ ಮಾಡಿದರೆ, "ನಿಮ್ಮ ಕಂಪ್ಯೂಟರ್‌ನಾಗ ವೈರಸ್ ಅದ," ಎಂಬ ಉತ್ತರ.

ಕೊನೆಗೆ ಒಂದು ರಾತ್ರಿ ನಾನೇ ಕುಳಿತು ಹೊಸ ಸ್ವಿಚ್‌ನ ಲಾಗ್ ಪುಟ (ಸ್ವಿಚ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಪುಟ) ತೆರೆದೆ. ನಮ್ಮ ಆಫೀಸಿನ ಪ್ರಿಂಟರ್‌ನ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಒಮ್ಮೆ ಸ್ವಿಚ್‌ನ 5ನೇ ಪೋರ್ಟ್‌ನಲ್ಲಿ (ಕೇಬಲ್ ಸಿಕ್ಕಿಸುವ ಜಾಗದಲ್ಲಿ), ಮರುಕ್ಷಣ 17ರಲ್ಲಿ, ಮತ್ತೆ 5ರಲ್ಲಿ, ಹೀಗೆ ಪುಟಗಟ್ಟಲೆ. ವೈಫೈ ಹಿಡಿದು ಓಡಾಡುವ ಲ್ಯಾಪ್‌ಟಾಪ್‌ನ ವಿಳಾಸ ಆಗೊಮ್ಮೆ ಈಗೊಮ್ಮೆ ಪೋರ್ಟ್ ಬದಲಿಸುವುದು ಸಹಜ. ಆದರೆ ಮೇಜಿನಿಂದ ಅಲುಗಾಡದ ಪ್ರಿಂಟರ್ ಎರಡು ಪೋರ್ಟ್‌ಗಳ ನಡುವೆ ಹೇಗೆ ಓಡಾಡುತ್ತದೆ? ಇದನ್ನೇ ಕೇಳಿದ್ದಕ್ಕೆ ಅವರು, "ಅದು ನಾರ್ಮಲ್ ಮೆಸೇಜ್ ಸರ್, ನೀವು ಅದನ್ನೆಲ್ಲ ನೋಡಬ್ಯಾಡ್ರಿ," ಎಂದರು. ನೋಡಬೇಡಿ ಎಂದರು! ನಾನು ಹಣ ಕೊಟ್ಟ ಸ್ವಿಚ್‌ನ ಲಾಗ್ ಅದು.

5 ಮತ್ತು 17ರ ಕೇಬಲ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಎರಡೂ ಹಿಂದಿನ ಕೋಣೆಯ ಒಂದೇ ಎಂಟು ಪೋರ್ಟ್‌ನ ಸಣ್ಣ ಸ್ವಿಚ್‌ಗೆ ಹೋಗಿ ಮುಟ್ಟಿದ್ದವು. ಎರಡನೆಯ ಕೇಬಲ್ ಕ್ಯಾಮೆರಾ ಹಾಕುವಾಗ "ಸ್ಪೀಡ್ ಹೆಚ್ಚಾಗತದ" ಎಂದು ಇವರೇ ಎಳೆದದ್ದು. ಆ ಕೋಣೆಯ ಕರೆಂಟ್ ಬೋರ್ಡ್ ಆನ್ ಆಗಿ ಆ ಸಣ್ಣ ಸ್ವಿಚ್ ನಡೆಯುವುದು ಮಧ್ಯಾಹ್ನದ ಬ್ಯಾಚಿಗೆ ಮಾತ್ರ. ಬಿಸಿಲೂ ಅಲ್ಲ, ವೈರಸ್ಸೂ ಅಲ್ಲ, ಲೂಪ್, ಅಂದರೆ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್‌ಗಳಿಂದ ಆದ ವೃತ್ತ! ಐಪಿ ಪ್ಯಾಕೆಟ್‌ಗೆ ಇರುವ ಟಿಟಿಎಲ್‌ನಂಥ ಆಯುಷ್ಯದ ಮಿತಿ ಈಥರ್ನೆಟ್ ಫ್ರೇಮ್‌ಗೆ (ಸ್ವಿಚ್‌ಗಳ ನಡುವೆ ಓಡಾಡುವ ಡೇಟಾದ ತುಣುಕಿಗೆ) ಇಲ್ಲದಿರುವುದರಿಂದ, ಇಂಥ ವೃತ್ತಕ್ಕೆ ಸಿಕ್ಕ ಬ್ರಾಡ್‌ಕಾಸ್ಟ್ ಫ್ರೇಮ್ (ಎಲ್ಲ ಯಂತ್ರಗಳಿಗೂ ಹೋಗುವ ತುಣುಕು) ಸಾಯದೆ ಸುತ್ತುತ್ತಲೇ ಇದ್ದು ಎಲ್ಲ ಪೋರ್ಟ್‌ಗಳನ್ನೂ ತುಂಬಿಬಿಡುತ್ತದೆ. ಇದನ್ನು ತಡೆಯಲೆಂದೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರಾಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ಅದನ್ನೇ ಇವರು ನನ್ನ ಕಣ್ಣೆದುರು ಆಫ್ ಮಾಡಿದ್ದರು. ಕಂಪ್ಯೂಟರ್ ಇರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಬೇರೆ ಸ್ವಿಚ್ ಇಲ್ಲದ, ಲೂಪ್ ಪರೀಕ್ಷೆಗೆ ಕಾಯದೆ ಕೂಡಲೇ ತೆರೆಯುವ ಪೋರ್ಟ್) ಎಂದು ಗುರುತಿಸಿದ್ದರೆ ಆ ಅರ್ಧ ನಿಮಿಷದ ಕಾಯುವಿಕೆಯೂ ಇರುತ್ತಿರಲಿಲ್ಲ.

ಮಧ್ಯಾಹ್ನ ದೀಪಗಳು ಹುಚ್ಚೆದ್ದಾಗ 17ರ ಕೇಬಲ್ ಕಿತ್ತೆ. ದೀಪಗಳು ಆ ಕ್ಷಣವೇ ಶಾಂತವಾದವು. ಅಷ್ಟು ಸಣ್ಣ ಕೆಲಸ, ಹನ್ನೊಂದು ದಿನ!

ದೀಪಗಳೆಲ್ಲ ಒಟ್ಟಿಗೆ ಮಿನುಗಿದರೆ ಮೊದಲು ಒಂದೊಂದೇ ಕೇಬಲ್ ಕಿತ್ತು ನೋಡಿರಿ. ತೊಂದರೆ ಆಗುವ ಹೊತ್ತಿಗೇ ಬಂದು ನೋಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ, ಹಳೆಯ ಸ್ವಿಚ್ಚನ್ನು ಅವರ ಕೈಗೆ ಕೊಟ್ಟು ಕಳಿಸಲೇಬೇಡಿರಿ. ಹಣ ವಾಪಸ್ ಕೇಳಿದಾಗ ನನಗೆ ಸಿಕ್ಕ ಉತ್ತರ, "ಕೇಬಲ್ ನೀವೇ ಹಾಕಿಸಿದ್ರಿ, ಹೊಸ ಸ್ವಿಚ್ ಇದ್ದುದಕ್ಕೇ ಲಾಗ್ ಸಿಕ್ತು." ನನ್ನ ಹಳೆಯ ಸ್ವಿಚ್ಚನ್ನಾದರೂ ಕೊಡಿ, 800 ರೂಪಾಯಿ ಹಿಂತಿರುಗಿಸುತ್ತೇನೆ ಎಂದೆ. ಅದನ್ನು ಬೇರೆ ಕಡೆ ಹಾಕಿದ್ದಾರಂತೆ, ಚೆನ್ನಾಗಿ ನಡೆಯುತ್ತಿದೆಯಂತೆ.