ಡರ್ಟಿ ಡಕ್: ಶಿಕಾಗೋದ ಅಡುಗೆಮನೆಗಳಲ್ಲಿ ಡೇಟಾ ಸೈನ್ಸ್ ಪಾಠ

ಡೇಟಾ ಸೈನ್ಸ್ ಕಲಿಸುವ ಉಚಿತ ಪಾಠಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ತೊಳೆದು ಒರೆಸಿಟ್ಟ ಸಿಎಸ್‌ವಿ ಫೈಲು (ಸಾಲು-ಕಾಲಮ್ಮುಗಳ ಪಟ್ಟಿ), ಅದರಿಂದ ಕಲಿತು ಊಹಿಸುವ ಒಂದು ಮಾಡೆಲು, ಕೊನೆಗೆ ಶೇಕಡಾ ಇಷ್ಟು ನಿಖರತೆ ಎಂಬ ಷರಾ. ಇದನ್ನು ಮುಗಿಸಿದವರನ್ನು ಆರೋಗ್ಯ ಇಲಾಖೆಯವರ ಎದುರು ಕೂರಿಸಿದರೆ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ: ಮುಂದಿನ ತಿಂಗಳು ಇನ್‌ಸ್ಪೆಕ್ಟರುಗಳನ್ನು ಯಾವ ಹೋಟೆಲುಗಳಿಗೆ ಕಳಿಸೋಣ? ಡರ್ಟಿ ಡಕ್ ಶುರುವಾಗುವುದೇ ಆ ಪ್ರಶ್ನೆಯಿಂದ.

ರಯೀದ್ ಘನಿ 2013ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಡೇಟಾ ಸೈನ್ಸ್ ಫಾರ್ ಸೋಷಿಯಲ್ ಗುಡ್’ ಬೇಸಿಗೆ ಫೆಲೋಶಿಪ್‌ನ ಬಳಗದಿಂದ ಬಂದ ಪಾಠ ಇದು. ಇಂಥ ಮಾಡೆಲುಗಳನ್ನು ಕಟ್ಟಿ ಹೋಲಿಸಲು ಅದೇ ಬಳಗ ರೂಪಿಸಿದ ಟ್ರಯಾಜ್ ಎಂಬ ಓಪನ್ ಸೋರ್ಸ್ ಸಾಧನವನ್ನು ಬಳಸುವುದು ಹೇಗೆಂದು ಹಂತಹಂತವಾಗಿ ತೋರಿಸುತ್ತದೆ. ಕಚ್ಚಾ ಸಾಮಗ್ರಿ, ಶಿಕಾಗೋ ನಗರಾಡಳಿತ ಸಾರ್ವಜನಿಕವಾಗಿ ಕೊಡುವ 2010ರಿಂದೀಚಿನ ಆಹಾರ ತಪಾಸಣೆ ದಾಖಲೆ. ಹಣ ಕೊಡಬೇಕಿಲ್ಲ.

ಮೊದಲ ತೊಡಕು ಇನ್‌ಸ್ಟಾಲೇಶನ್. ಪ್ರೋಗ್ರಾಮುಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್, ಅದರೊಳಗೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್, ಪಕ್ಕದಲ್ಲಿ ಕೆಲಸ ಮಾಡಲು ಇನ್ನೊಂದು ಕಂಟೈನರ್. ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲೂ ಇದನ್ನು ಎಬ್ಬಿಸಲು ಹೊರಟರೆ ಮೊದಲ ತರಗತಿ ಅಲ್ಲಿಗೇ ಮುಗಿಯಿತು. ಒಂದೇ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಇಟ್ಟು ತಂಡಕ್ಕೊಂದು ಡೇಟಾಬೇಸ್ ಕೊಡುವುದು ಜಾಣತನ. ಟ್ರಯಾಜ್‌ನ ಆವೃತ್ತಿಯನ್ನೂ ಗಟ್ಟಿಯಾಗಿ ನಿಗದಿ ಮಾಡಿಡಿ. ಆವೃತ್ತಿ ಬದಲಾದಾಗ ಫಲಿತಾಂಶದ ಕೆಲವು ಸ್ಕೀಮಾಗಳ (ಡೇಟಾಬೇಸಿನೊಳಗೆ ಟೇಬಲುಗಳನ್ನು ಇಡುವ ಗುಂಪುಗಳ) ಹೆಸರೂ ಬದಲಾಗಿವೆ. ಹಳೆಯ ಪಾಠದ ಕ್ವೆರಿ ಹೊಸ ಆವೃತ್ತಿಯಲ್ಲಿ ‘ಟೇಬಲ್ ಇಲ್ಲ’ ಎನ್ನುತ್ತದೆ, ವಿದ್ಯಾರ್ಥಿ ತನ್ನದೇ ತಪ್ಪೆಂದು ಗಂಟೆಗಟ್ಟಲೆ ಹುಡುಕುತ್ತಾನೆ.

ಡೇಟಾ ಶುಚಿ ಮಾಡುವ ಭಾಗ ಚೆನ್ನಾಗಿದೆ. ಕಚ್ಚಾ ದಾಖಲೆ ಒಂದು ಸ್ಕೀಮಾದಲ್ಲಿ, ಶುಚಿ ಮಾಡಿದ್ದು ಇನ್ನೊಂದರಲ್ಲಿ, ಹೋಟೆಲು ಮತ್ತು ಘಟನೆಗಳ ಟೇಬಲುಗಳು ಮೂರನೆಯದರಲ್ಲಿ. ಒಂದು ತಪಾಸಣೆಯ ಎಲ್ಲ ಉಲ್ಲಂಘನೆಗಳೂ ಒಂದೇ ಕಾಲಮ್ಮಿನಲ್ಲಿ ‘|’ ಎಂಬ ನೆಟ್ಟಗಿನ ಗೆರೆಗಳ ನಡುವೆ ತುರುಕಿಕೊಂಡಿರುತ್ತವೆ. ಅವನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲೇ ಬಿಡಿಸಬೇಕು. ಶಿಕ್ಷಕರು ಮೊದಲೇ ಎಚ್ಚರಿಸಬೇಕಾದ ಸಂಗತಿ ಒಂದಿದೆ: 2018ರ ಜುಲೈ 1ರಂದು ಶಿಕಾಗೋ ಉಲ್ಲಂಘನೆಗಳ ವ್ಯಾಖ್ಯೆಯನ್ನೇ ಬದಲಿಸಿತು. ಆ ದಿನಾಂಕವನ್ನು ದಾಟಿ ಹೋಗುವ ಯಾವ ಲೆಕ್ಕವೂ, ನಡುವೆ ಗೋಡೆ ಹಾಕದಿದ್ದರೆ, ಹೋಟೆಲುಗಳು ಬದಲಾದವೋ ಫಾರಂ ಬದಲಾಯಿತೋ ಎಂದು ಹೇಳಲಾರದು.

ನಿಜವಾದ ಪಾಠ, ಟ್ರಯಾಜ್‌ಗೆ ಸೂಚನೆ ಬರೆದುಕೊಡುವ ಯಾಮಲ್ ಫೈಲಿನಲ್ಲಿದೆ. ಯಾರ ಬಗ್ಗೆ ಊಹಿಸುತ್ತಿದ್ದೇವೆ ಎಂಬ ಕೋಹಾರ್ಟ್, ಏನನ್ನು ಎಂಬ ಲೇಬಲ್, ಯಾವ ದಿನ ನಿಂತು ನೋಡುತ್ತಿದ್ದೇವೆ ಎಂಬ ಆಸ್-ಆಫ್ ಡೇಟ್: ಈ ಮೂರನ್ನೂ ಅಲ್ಲಿ ನಿರ್ಧರಿಸಬೇಕು. ಒಂದೇ ಡೇಟಾದ ಮೇಲೆ ಎರಡು ಪ್ರಶ್ನೆ ಕೇಳಿಸುವುದು ಈ ಪಾಠದ ಅತ್ಯುತ್ತಮ ಉಪಾಯ. ‘ತಪಾಸಣೆಗೆ ಹೋದರೆ ಈ ಹೋಟೆಲು ಫೇಲಾಗುತ್ತದೆಯೇ?’ ಎಂಬುದು ಒಂದು. ‘ಮುಂದಿನ ತಿಂಗಳುಗಳಲ್ಲಿ ಇದು ತಪಾಸಣೆಗೊಳಗಾಗಿ ಸಿಕ್ಕಿಬೀಳುತ್ತದೆಯೇ?’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ, ತಪಾಸಣೆಯೇ ಆಗದ ಹೋಟೆಲಿಗೆ ಲೇಬಲ್ ಇಲ್ಲ. ಎರಡನೆಯದರಲ್ಲಿ ಅಂಥದ್ದನ್ನೆಲ್ಲ ‘ಇಲ್ಲ’ ಎಂದೇ ಎಣಿಸು ಎಂದು ಅದೇ ಯಾಮಲ್ ಫೈಲಿನಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲು ತಪ್ಪಿ ಮೊದಲ ಪ್ರಶ್ನೆಯಲ್ಲಿ ಉಳಿದರೆ, ಯಾರೂ ಹೋಗಿ ನೋಡದ ಅಡುಗೆಮನೆಗಳೆಲ್ಲ ಶುಚಿಯಾದವು ಎಂದು ಮಾಡೆಲು ಕಲಿಯುತ್ತದೆ. ಎರರ್ ಬರುವುದಿಲ್ಲ.

ಮಾಡೆಲಿಗೆ ಉಣಿಸುವ ಲೆಕ್ಕಗಳಾದ ಫೀಚರ್‌ಗಳಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ನಾಲೆಜ್ ಡೇಟ್. ಘಟನೆ ನಡೆದ ದಿನವಲ್ಲ, ಅದು ಇಲಾಖೆಗೆ ಗೊತ್ತಾದ ದಿನ ಅಲ್ಲಿ ಬರಬೇಕು. ಇಲ್ಲವಾದರೆ ಭವಿಷ್ಯದ ಮಾಹಿತಿ ಸೋರಿ ಒಳಗೆ ಬರುತ್ತದೆ, ಫಲಿತಾಂಶ ಅನುಮಾನ ಬರುವಷ್ಟು ಚೆನ್ನಾಗಿರುತ್ತದೆ. ಇನ್ನೊಂದು, ಗಾತ್ರ. ತಪಾಸಣೆಯ ಎಂಟು ಬಗೆಯ ಫಲಿತಾಂಶ, ಮೊತ್ತ ಮತ್ತು ಸರಾಸರಿ ಎಂಬ ಎರಡು ಲೆಕ್ಕ, ನಾಲ್ಕು ಕಾಲಾವಧಿ ಎಂದರೆ ಆಗಲೇ 64 ಕಾಲಮ್ಮುಗಳು. ಹೀಗೇ ಬೆಳೆಸುತ್ತ ಹೋದರೆ ಪೋಸ್ಟ್‌ಗ್ರೆಸ್‌ನ ಟೇಬಲಿಗೆ 1600 ಕಾಲಮ್ಮಿನ ಮಿತಿ ಎದುರಾಗುತ್ತದೆ. ಫೀಚರ್ ಗುಂಪುಗಳನ್ನು ಒಡೆದು ಬರೆಯುವುದೇ ಪರಿಹಾರ. ಮಾಡೆಲುಗಳ ಸಂಖ್ಯೆಯೂ ಹಾಗೆಯೇ: ಆರು ಬಗೆಯ ಸೆಟ್ಟಿಂಗ್, ಎಂಟು ಕಾಲಖಂಡ ಎಂದರೆ 48 ಮಾಡೆಲು. ಓಡಿಸುವ ಮುನ್ನ ವ್ಯಾಲಿಡೇಟ್ ಮಾತ್ರ ಮಾಡುವ, ಅಂದರೆ ಫೈಲು ಸರಿಯಿದೆಯೇ ಎಂದಷ್ಟೇ ನೋಡುವ ಆಯ್ಕೆ ಇದೆ, ಅದನ್ನು ಬಳಸುವ ಅಭ್ಯಾಸ ಮೊದಲ ದಿನದಿಂದಲೇ ಮಾಡಿಸಿ.

ಮೌಲ್ಯಮಾಪನ ಸರಿಯಾದ ಜಾಗದಲ್ಲಿದೆ. ಇಲಾಖೆ ತಿಂಗಳಿಗೆ 500 ಕಡೆ ಹೋಗಬಲ್ಲದು ಎಂದಿಟ್ಟುಕೊಳ್ಳಿ. ಆಗ ಮಾಡೆಲು ಕೊಟ್ಟ ಸ್ಕೋರಿನ ಪ್ರಕಾರ ಮೇಲಿನ 500ರಲ್ಲಿ ಎಷ್ಟು ನಿಜ ಎಂಬುದಷ್ಟೇ ಮುಖ್ಯ, ಒಟ್ಟಾರೆ ನಿಖರತೆ ಯಾರಿಗೆ ಬೇಕು? ಆದರೆ ಹೌದು-ಇಲ್ಲ ಪ್ರಶ್ನೆಗಳ ಕವಲುಗಳಲ್ಲಿ ವಿಂಗಡಿಸುವ, ಎರಡು ಹಂತ ಆಳದ ಡಿಸಿಷನ್ ಟ್ರೀ ಓಡಿಸಿ ನೋಡಿ. ಕವಲುಗಳ ತುದಿಯ ಎಲೆಗಳೇ ಹೆಚ್ಚೆಂದರೆ ನಾಲ್ಕು, ಹಾಗಾಗಿ ಸ್ಕೋರುಗಳೂ ನಾಲ್ಕೇ. ಸಾವಿರಾರು ಹೋಟೆಲುಗಳು ಸಮಸಮ ಬಂದಾಗ ಮೇಲಿನ 500 ಯಾವುವು? ಟ್ರಯಾಜ್ ಇಂಥ ಕಡೆ ಅತಿ ಒಳ್ಳೆಯ ಸರದಿ, ಅತಿ ಕೆಟ್ಟ ಸರದಿ, ಮನಬಂದ ಸರದಿ ಎಂದು ಮೂರು ಲೆಕ್ಕ ಕೊಡುತ್ತದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಂತರ ದೊಡ್ಡದಿದ್ದರೆ ಆ ಮಾಡೆಲನ್ನು ಪಕ್ಕಕ್ಕಿಡಬೇಕು. ಪಟ್ಟಿಯಲ್ಲಿ ಲೇಬಲ್ ಇದ್ದವು ಎಷ್ಟು ಎಂಬ ಕಾಲಮ್ಮನ್ನೂ ನೋಡಿಸಿ: 500ರಲ್ಲಿ 40ಕ್ಕೆ ಮಾತ್ರ ಲೇಬಲ್ ಇದ್ದರೆ ಆ ನಿಖರತೆ 40ರದ್ದು.

ಡರ್ಟಿ ಡಕ್ ಸೊರಗುವುದು ಮಾಡೆಲಿನ ಆಚೆಗೆ. ಶಿಕಾಗೋ ನಗರಾಡಳಿತವೇ 2014ರಲ್ಲಿ ಇಂಥದ್ದೊಂದು ಮಾಡೆಲನ್ನು ಎರಡು ತಿಂಗಳ ಪ್ರಯೋಗದಲ್ಲಿ ಪರೀಕ್ಷಿಸಿ, ಗಂಭೀರ ಉಲ್ಲಂಘನೆಗಳು ಸರಾಸರಿ 7.5 ದಿನ ಮೊದಲೇ ಸಿಗುತ್ತಿದ್ದವು ಎಂದು ವರದಿ ಮಾಡಿತು. ಅದರಲ್ಲಿ ಇನ್‌ಸ್ಪೆಕ್ಟರುಗಳನ್ನು ಗುಂಪುಗಳಾಗಿ ವಿಂಗಡಿಸಿದ ಫೀಚರ್ ಕೂಡ ಇತ್ತು. ಕಟ್ಟುನಿಟ್ಟಿನ ಇನ್‌ಸ್ಪೆಕ್ಟರು ಹೋಗುವ ಕಡೆ ಹೆಚ್ಚು ಉಲ್ಲಂಘನೆ ಸಿಗುವುದು ಹೋಟೆಲಿನ ಗುಣವೋ ಇನ್‌ಸ್ಪೆಕ್ಟರಿನದೋ? ತಂಡಗಳನ್ನು ಎರಡು ಪಕ್ಷ ಮಾಡಿ ಒಂದು ಪೂರ್ತಿ ತರಗತಿ ವಾದಿಸಲು ಇದೊಂದೇ ಸಾಕು. ತಾರತಮ್ಯದ ಪರಿಶೀಲನೆಗೆ ಅದೇ ಬಳಗದ ಎಕ್ವಿಟಾಸ್ ಸಾಧನವನ್ನು ಜೋಡಿಸಬಹುದು. ಪ್ರದೇಶ ಅಥವಾ ಹೋಟೆಲಿನ ಬಗೆಯಂಥ ಗುಂಪುಗಳ ನಡುವೆ ತಪ್ಪಿನ ಪ್ರಮಾಣ ಎಷ್ಟು ಬೇರೆ ಎಂದು ಅದು ಹೇಳುತ್ತದೆ. ಒಂದು ಗುಂಪಿನ ಪ್ರಮಾಣಕ್ಕೂ ಇನ್ನೊಂದರದ್ದಕ್ಕೂ ಇರುವ ಅನುಪಾತಕ್ಕೆ ರೂಢಿಯ ಮಿತಿ 0.8ರಿಂದ 1.25. ಆದರೆ ಯಾವ ತಪ್ಪನ್ನು ಅಳೆಯಬೇಕು ಎಂಬುದು ಸಾಧನಕ್ಕೆ ಬಿಟ್ಟದ್ದಲ್ಲ: ಪಟ್ಟಿಗೆ ಬಂದರೆ ದಂಡ ಬೀಳುವುದಾದರೆ ಸುಮ್ಮನೆ ಸಿಕ್ಕಿಬಿದ್ದವರನ್ನು ಎಣಿಸಿ, ನೆರವು ಸಿಗುವುದಾದರೆ ಬಿಟ್ಟುಹೋದವರನ್ನು.

ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ ಮತ್ತು ವಿಂಡೋ ಫಂಕ್ಷನ್ ಸಲೀಸಾಗಿ ಬಾರದ ತರಗತಿಗೆ ಇದು ಭಾರವಾಗುತ್ತದೆ. ಬಂದವರಿಗೆ ಮೂರು ಅಥವಾ ನಾಲ್ಕು ಜನರ ತಂಡದಲ್ಲಿ ಒಂದು ಸೆಮಿಸ್ಟರಿನ ಕೆಲಸ. ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟಿಸದೆ ಗುರಿ, ಅದಕ್ಕಾಗಿ ಇಲಾಖೆ ಕೈಗೊಳ್ಳುವ ಕ್ರಮ, ಇರುವ ಡೇಟಾ, ಬೇಕಾದ ವಿಶ್ಲೇಷಣೆ ಇಷ್ಟನ್ನು ಕಾಗದದ ಮೇಲೆ ಬರೆಸಿ. ‘ಕ್ರಮ’ದ ಖಾನೆ ಖಾಲಿ ಉಳಿದ ತಂಡಕ್ಕೆ ಯಾಮಲ್ ಫೈಲು ತೆರೆಯಲು ಬಿಡಬೇಡಿ.