ಸಂತೆಯಿಂದ ತಂದ ಆಡನ್ನು ಅದೇ ಸಂಜೆ ಹಿಂಡಿಗೆ ಬಿಡಬೇಡಿ

ಬಕ್ರೀದ್‌ಗೆ ಮಾರಲೆಂದು ಗದಗ ಕಡೆಯ ರೈತರೊಬ್ಬರು ಸಂತೆಯಿಂದ ಹನ್ನೆರಡು ಹೋತ ತಂದು, ಅದೇ ಸಂಜೆ ಮನೆಯ ಆಡುಗಳ ಸಾಲಿನಲ್ಲಿ ಕಟ್ಟಿದರು. ಐದನೆಯ ದಿನ ಎರಡಕ್ಕೆ ಜ್ವರ, ಮೂಗಿನಲ್ಲಿ ಸಿಂಬಳ. ಆಮೇಲೆ ಬಾಯಿಹುಣ್ಣು, ನಾರುವ ಭೇದಿ, ಏದುಸಿರು. ಅದು ಪಿಪಿಆರ್, ಆಡುಗಳ ಪ್ಲೇಗ್. ಹೆಚ್ಚು ಸತ್ತಿದ್ದು ಕೊಂಡು ತಂದ ಹೋತಗಳಲ್ಲ, ಮನೆಯಲ್ಲೇ ಹುಟ್ಟಿದ ಮರಿಗಳು.

"ಲಸಿಕಿ ಆಗೇತಿ" ಅಂದಿದ್ದ ದಲ್ಲಾಳಿ. ಗುರುತೂ ಇಲ್ಲ, ದಾಖಲೆಯೂ ಇಲ್ಲ ಎಂದರೆ ಲಸಿಕೆ ಆಗಿಲ್ಲವೆಂದೇ ತಿಳಿಯಿರಿ. ತಂದ ದಿನ ಚುಚ್ಚಿಸಿದರೂ ರಕ್ಷಣೆ ಬರಲು ಎರಡು ವಾರ ಬೇಕು. ಒಳಗೆ ಆಗಲೇ ಸೋಂಕಿದ್ದರೆ ಅದು ನಿಲ್ಲುವುದಿಲ್ಲ. ಆದ್ದರಿಂದ ಕೊಳ್ಳುವ ಮೂರು ವಾರ ಮೊದಲೇ ಮನೆಯ ಆಡುಗಳಿಗೂ ನಾಲ್ಕು ತಿಂಗಳು ದಾಟಿದ ಮರಿಗಳಿಗೂ ಹಾಕಿಸಿ. ಚರ್ಮದಡಿ 1 ಮಿ.ಲೀ., ಸುಮಾರು ಮೂರು ವರ್ಷ ಕಾಯುತ್ತದೆ.

ಹೊಸದನ್ನು 30 ದಿನ ದೂರದ ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ. ಬಕೆಟ್, ಗ್ವಾದಲಿ (ಮೇವಿನ ತೊಟ್ಟಿ) ಎಲ್ಲ ಬೇರೆ. ಮೇವು ಹಾಕುವಾಗ ಮೊದಲು ಮನೆಯವಕ್ಕೆ, ಕೊನೆಗೆ ಹೊಸವಕ್ಕೆ; ಅಲ್ಲಿಂದ ಬಂದು ಕೈಕಾಲು ತೊಳೆಯದೆ ಮರಿ ಮುಟ್ಟಬೇಡಿ. ಈ ವೈರಸ್ ಕೊಲ್ಲುವ ಔಷಧಿಯಿಲ್ಲ. ಸಲೈನ್, ಆಂಟಿಬಯಾಟಿಕ್ ಕೊಡುವುದು ನೀರಿನಂಶ ಉಳಿಸಲು, ನ್ಯುಮೋನಿಯಾ ತಡೆಯಲು. ಕಾಯಿಲೆ ಕಂಡ ಆಡನ್ನು "ಬಂದಷ್ಟು ಬರಲಿ" ಎಂದು ಸಂತೆಗೆ ಒಯ್ದರೆ ಇನ್ನೊಬ್ಬರ ಹಿಂಡು ಹೋಗುತ್ತದೆ. ದಯವಿಟ್ಟು ಬೇಡ; ಪಶುವೈದ್ಯರಿಗೆ ತಿಳಿಸಿ.

ಉಳಿದ ಹೋತಗಳಿಗೂ ಪೆಟ್ಟು ಬಿತ್ತು. ಬೇಗ ತೂಕ ಬರಲೆಂದು ಒಮ್ಮೆಲೇ ಬುಟ್ಟಿಗಟ್ಟಲೆ ಮೆಕ್ಕೆಜೋಳದ ನುಚ್ಚು ಸುರಿದರು. ಹೊಟ್ಟೆ ಹುಳಿಯಾಗಿ ಮೂರು ಮಲಗಿದವು. ಕಾಳು ತಿಂದು ರೂಢಿಯಿಲ್ಲದ ಆಡಿಗೆ ದಿನಕ್ಕೆ 50 ಗ್ರಾಂನಿಂದ ಶುರುಮಾಡಿ, ಎರಡು ವಾರದಲ್ಲಿ 250 ಗ್ರಾಂಗೆ ಏರಿಸಿ, ಅದೂ ಮೊದಲು ಶೇಂಗಾ ಅಥವಾ ಕಡಲೆ ಹೊಟ್ಟು ತಿನ್ನಿಸಿದ ಮೇಲೆ. ಒಮ್ಮೆಲೇ ಹೆಚ್ಚು ತಿಂದಾಗ ಬರುವ ಕರುಳು ಬೇನೆಗೂ ಲಸಿಕೆಯಿದೆ, ಮಳೆಗಾಲಕ್ಕೆ ಮುಂಚೆ ಹಾಕಿಸಿ. ಎಳೆ ಜೋಳದ ಪೈರು, ಕೊಯ್ದ ಜೋಳದ ಕೂಳೆಯ ಚಿಗುರು ಆಡಿಗೆ ವಿಷ, ಮೇಯಿಸಬೇಡಿ.

ಯಾವ ಉದ್ದೇಶಕ್ಕೆ ಎಂಬುದು ಮೊದಲೇ ಗಟ್ಟಿಯಾಗಿರಲಿ. ಮಾಂಸಕ್ಕೆ ಉಸ್ಮಾನಾಬಾದಿ ತಳಿ ಈ ಒಣ ಸೀಮೆಗೆ ಒಗ್ಗುತ್ತದೆ, ಅವಳಿ ಹಾಕುವುದೂ ಹೆಚ್ಚು. ಹಾಲಿನ ತಳಿಗಳಾದ ಜಮುನಾಪಾರಿ, ಬೀಟಲ್ ಎತ್ತರ ನೋಡಿ ಮರುಳಾಗಬೇಡಿ: ಹಾಲು ಕೊಳ್ಳುವ ಗಿರಾಕಿ, ವರ್ಷವಿಡೀ ಹಸಿರು ಸೊಪ್ಪು ಎರಡೂ ಇದ್ದರೆ ಮಾತ್ರ ತನ್ನಿ. ತಳಿಗೆಂದರೆ 25 ಆಡಿಗೊಂದು ಹೋತ, ಬೇರೆ ಹಿಂಡಿನದು, ಎರಡು ವರ್ಷಕ್ಕೊಮ್ಮೆ ಬದಲು. ಬಕ್ರೀದ್‌ಗಾದರೆ ವರ್ಷ ತುಂಬಿರಬೇಕು. ಕಿವಿ ಹರಿದದ್ದು, ಕೊಂಬು ಮುರಿದದ್ದು, ಕುಂಟುವುದು ಎಷ್ಟೇ ಅಗ್ಗವಿದ್ದರೂ ಹಗ್ಗ ಹಿಡಿಯಬೇಡಿ.